ಎದುರು ತಂಡದ ನೀರು

ಸ್ವೀಡನ್ನಿನ ಸೊಲ್ಲೆಂಟುನಾದ ನಮ್ಮ ಬೇಸ್‌ಬಾಲ್ ತಂಡ ಈ ಸೀಸನ್ನಿನಲ್ಲಿ ಗೆದ್ದ ಪಂದ್ಯಗಳೆಲ್ಲ ಮೈದಾನದ ಅಂಚಿನಲ್ಲಿ ನಿಂತು ಕೂಗುವ ನನ್ನ ಸಲಹೆಯಿಂದಲೇ ಗೆದ್ದದ್ದು. ಇವತ್ತು ಕೊನೆಯ ಪಂದ್ಯದಲ್ಲಿ ಚರ್ಮದ ಗ್ಲೌಸಿಗೆ ಹಚ್ಚಿದ ಎಣ್ಣೆಯ ವಾಸನೆ ಮೂಗಿಗೆ ಬಡಿದು ಅಪ್ಪ ನೆನಪಾದ.

ಊರಿನ ವಾಲಿಬಾಲಿಗೆ ಹರಳೆಣ್ಣೆ ತಿಕ್ಕುತ್ತ ಪಕ್ಕದೂರಿನ ತಂಡವನ್ನು ಬೈಯುವುದೇ ಅವನ ಸಂಜೆಯ ಕೆಲಸ. ಪಂದ್ಯಕ್ಕೆ ಆ ಊರಿಗೆ ಹೋದರೆ ಕುಡಿಯುವ ನೀರನ್ನೂ ಮನೆಯಿಂದಲೇ ಹೊರುತ್ತಿದ್ದ. ಒಮ್ಮೆ ದಾರಿಯಲ್ಲೇ ಬಿಂದಿಗೆ ಒಡೆಯಿತು. ಕೂಗಿ ಕೂಗಿ ಗಂಟಲು ಒಣಗಿದ್ದ ಅಪ್ಪನಿಗೆ ಅಲ್ಲಿಯ ಮುದುಕನೊಬ್ಬ ಚೊಂಬು ಚಾಚಿದ.

"ಕುಡಿಯೋ ರಂಗಪ್ಪ, ವಿಷ ಹಾಕಿಲ್ಲ."

"ನಿಮ್ಮೂರ ನೀರಿಗೆ ವಿಷ ಬೇರೆ ಹಾಕ್ಬೇಕಾ?" ಎಂದ ಅಪ್ಪ, ಮನೆ ಸೇರುವವರೆಗೂ ಒಣ ಗಂಟಲಲ್ಲೇ ಬೈದ.

ಇವತ್ತು ನಾವು ಸೋತೆವು. ನನ್ನೊಡನೆ ಬಾಜಿ ಕಟ್ಟಿದ್ದ ಪಕ್ಕದ ಕಿಸ್ಟಾದ ಸುಹಾಸ, ಎದುರು ತಂಡದ ಕಡೆಯವನು, ಕಾಫಿ ಹಿಡಿದು ಬಂದ. "ಬನ್ನಿ ಅಂಕಲ್, ಇಲ್ಲಿಯವರ ಹಾಗೆ ಕಾಫಿ ಕುಡೀತಾ ಫಿಕಾ ಆದ್ರೂ ಮಾಡೋಣ."

ನಾನು ಆ ಲೋಟ ಮುಟ್ಟಲಿಲ್ಲ. ಮನೆಯಲ್ಲಿ, ಬಾಜಿಗೆ ಇನ್ನೂರು ಕ್ರೋನ ಹೋಯಿತೆಂದಿದ್ದೇನೆ. ಹೋದದ್ದು ಎರಡು ಸಾವಿರ.