ಗ್ಯಾನಪ್ಪ ಹೊಡೆದ ಏಟು

ಆ ಭಾನುವಾರ ಬೆಳಿಗ್ಗೆ ಗ್ಯಾನಪ್ಪ ಪುಂಡಿಪಲ್ಯ ಬಾಯಿಗಿಟ್ಟು, "ಏನ ಪಕ್ಕೀರಿ, ಉಪ್ಪು ತವರುಮನಿಗೆ ಕಳಿಸೀಯೇನು?" ಎಂದು ಹೆಂಡತಿಯನ್ನು ಕಾಡಿಸಿದ.

"ಸುಮ್ನ ಉಣ್ರಿ. ನಿಮ್ಮ ನಾಲಿಗಿಗೆ ಎಷ್ಟು ಹಾಕಿದ್ರೂ ಸಾಲಂಗಿಲ್ಲ" ಎಂದಳು ಪಕ್ಕೀರವ್ವ.

ಉಂಡು ಸಾಣಾಪುರದ ಕೆರೆಗೆ ಹರಗೋಲು ನಡೆಸಲು ಹೋದ. ಮಧ್ಯಾಹ್ನ ನಡುನೀರಿನಲ್ಲಿ ಪ್ರವಾಸಕ್ಕೆ ಬಂದ ಹುಡುಗಿಯೊಬ್ಬಳು ಫೋಟೊಕ್ಕೆಂದು ಎದ್ದು ನಿಂತಳು. ಹರಗೋಲು ವಾಲಿ ನೀರು ಒಳಗೆ ನುಗ್ಗಿತು. ಅವಳು ಹೆದರಿ ಚೀರುತ್ತ ಕುಣಿಯತೊಡಗಿದಳು. ಕೂಡ್ರು ಎಂದು ಎಷ್ಟು ಕೂಗಿದರೂ ಕೇಳಲಿಲ್ಲ. ಒಳಗೆ ಎರಡು ಕೂಸು ಸೇರಿ ಆರು ಜನರಿದ್ದರು. ಗ್ಯಾನಪ್ಪ ಅವಳ ಕೆನ್ನೆಗೆ ಒಂದು ಬಾರಿಸಿದ. ಅವಳು ಕುಸಿದು ಕುಳಿತಳು, ಎಲ್ಲರೂ ದಡ ಸೇರಿದರು.

ದಡದಿಂದ ಯಾರೋ ಹಿಡಿದ ವಿಡಿಯೊದಲ್ಲಿ ಹೊಡೆದದ್ದಷ್ಟೇ ಇತ್ತು. ಸಂಜೆಯೊಳಗೆ ಗಂಗಾವತಿಯಿಂದ ಕುಷ್ಟಗಿಯವರೆಗೆ ಎಲ್ಲರೂ ನೋಡಿದರು. "ಹೆಣ್ಣಮಕ್ಕಳ ಮ್ಯಾಲೆ ಕೈ ಮಾಡೋ ಶೂರ ಬಂದ್ನಪಾ" ಎಂದು ಚಹಾದಂಗಡಿಯಲ್ಲಿ ನಕ್ಕರು. ಅವನ ಹರಗೋಲು ಯಾರೂ ಹತ್ತಲಿಲ್ಲ.

"ನೀ ಏನಂತಿ?" ಎಂದು ಹೆಂಡತಿಯನ್ನು ಕೇಳಿದ.

"ಎಷ್ಟಾದ್ರೂ ಹೆಣ್ಣಮಗಳು. ಹೊಡೀಬಾರದಿತ್ತು ಬಿಡ್ರಿ."

"ಹಂಗಾದ್ರ ಆರು ಹೆಣ ಎತ್ತಬೇಕಿತ್ತು" ಎಂದ. ಆಮೇಲೆ ಅವಳೊಂದಿಗೂ ಮಾತು ಬಿಟ್ಟ. ಹದಿನೇಳನೆಯ ದಿನ ಎದೆ ಹಿಡಿದುಕೊಂಡು ಕುಳಿತವನು ಮೇಲೇಳಲಿಲ್ಲ.

ಆ ವಿಡಿಯೊ ಅಳಿಸಿ ಹಾಕಿಸಲು ಮೊಬೈಲಿನಲ್ಲಿ 'ದೂರು' ಎಂದು ಎಲ್ಲಿ ಒತ್ತಬೇಕೆಂದು ಪಕ್ಕದ ಮನೆಯ ಸುರೇಖಾ ತೋರಿಸಿಕೊಟ್ಟಿದ್ದಾಳೆ. ಒಬ್ಬರದು ಹೋದರೆ ಇನ್ನೊಬ್ಬರು ಹಾಕುತ್ತಾರೆ. ಹೀಗಾಗಿ ಪಕ್ಕೀರವ್ವ ದಿನಾ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಗಂಡನ ಮೊಬೈಲು ಹಿಡಿದು ಕೂರುತ್ತಾಳೆ. ದೂರು ಒತ್ತಬೇಕೆಂದರೆ ಅವನು ಕೈ ಎತ್ತುವುದನ್ನು ಮತ್ತೊಮ್ಮೆ ನೋಡಬೇಕು. ನೋಡುತ್ತಾಳೆ, ಒತ್ತುತ್ತಾಳೆ.