ಮಾನೌಮಿಗೆ ತೊಳೆದ ಪೆಟ್ಟಿಗೆ

ಟಿಕೋಟಾದ ಬಡಿಗೇರ ಓಣಿಯಲ್ಲಿ ದುಂಡವ್ವನಷ್ಟು ಚೊಕ್ಕ ಹೆಂಗಸು ಇನ್ನೊಬ್ಬಳಿಲ್ಲ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಬಬಲೇಶ್ವರದಿಂದ ಸೊಸೆಯಾಗಿ ಬಂದ ವರ್ಷವೇ ಕರಿ ಹಿಡಿದ ತಂಬಿಗೆಗಳನ್ನೆಲ್ಲ ಮುಖ ಕಾಣುವಂತೆ ತಿಕ್ಕಿಟ್ಟು ಅತ್ತೆಯ ಬಾಯಿ ಮುಚ್ಚಿಸಿದವಳು. ದಸರೆಯ ಮಾನೌಮಿ ಹತ್ತಿರ ಬಂತೆಂದರೆ ಆಕೆಯನ್ನು ಹಿಡಿಯುವವರೇ ಇಲ್ಲ. ಕೌದಿ, ಡಬ್ಬಿ, ಬುಟ್ಟಿ, ಕೊನೆಗೆ ಬಾಗಿಲ ಚಿಲಕ ಕೂಡ ನೀರು ಕಾಣಲೇಬೇಕು. "ನನಗೂ ಒಂದ್ಸಲ ಹುಣಸಿಹಣ್ಣ ಹಚ್ಚಿ ತಿಕ್ಕಿಬಿಡ" ಎಂದು ಗಂಡ ಸಂಗಣ್ಣ ಚ್ಯಾಷ್ಟಿ ಮಾಡುತ್ತಿದ್ದ.

ಸಂಗಣ್ಣ ಬಡಿಗ ನಿಜ, ಆದರೆ ಬಡಿಗತನದ ಸುಖ ಕಂಡವನಲ್ಲ. ವಿಜಯಪುರದ ಸೊಲ್ಲಾಪುರ ರಸ್ತೆಯ ಒಂದು ಕಾರ್ಖಾನೆಯಲ್ಲಿ ವರ್ಷಾನುಗಟ್ಟಲೆ ಪ್ಲೈವುಡ್ ಕೊಯ್ದು, ಕಪಾಟಿಗೆ ಮೊಳೆ ಹೊಡೆದು, ಸಂಜೆಯ ಬಸ್ಸಿಗೆ ಜೋತುಬಿದ್ದು ಮನೆಗೆ ಬಂದವನು. ಅವನ ಜೀವವೆಲ್ಲ ಮನೆಯಲ್ಲಿದ್ದ ಒಂದು ಪೆಟ್ಟಿಗೆಯ ಮೇಲಿತ್ತು. ಅವನ ಮುತ್ತಜ್ಜ ಕೈಯಾರೆ ಮಾಡಿದ್ದು. ಬೀಟೆ ಮರ. ಮುಚ್ಚಳದ ತುಂಬ ಸಣ್ಣ ಗೆರೆ ಕೊರೆದು, ಅದರೊಳಗೆ ಹಿತ್ತಾಳೆ ತಂತಿ ಕೂಡಿಸಿ ಬಡಿದ ಬಳ್ಳಿ. ಬಳ್ಳಿಯ ಹೂವಿಗೆ ಎಸಳೆಸಳಾಗಿ ಕತ್ತರಿಸಿದ ಮುತ್ತಿನ ಚಿಪ್ಪು. ಎಸಳನ್ನು ಹಿಡಿದು ನಿಲ್ಲಿಸಿದ್ದು ಸರೇಸು, ಅಂದರೆ ಚರ್ಮ ಕುದಿಸಿ ಮಾಡಿದ ಹಳೇ ಕಾಲದ ಅಂಟು. ಅಂಥ ಪೆಟ್ಟಿಗೆಯಲ್ಲಿ ಮನೆಯವರು ಅರಿಷಿಣಕೊಂಬು, ಕಡ್ಡಿಪೆಟ್ಟಿಗೆ ಇಟ್ಟುಕೊಂಡು ಅರ್ಧ ಬಳ್ಳಿ ಉದುರಿಸಿದ್ದರು.

ಅದನ್ನು ಮತ್ತೆ ತುಂಬಬೇಕೆಂಬುದು ಸಂಗಣ್ಣನ ಆಸೆ. ಇವತ್ತು ನಾಳೆ ಎನ್ನುತ್ತಲೇ ವಯಸ್ಸಾಯಿತು, ಬಲಗೈ ನಡುಗತೊಡಗಿತು. ಇದು ಹೆಚ್ಚಾಗುವುದೇ ಹೊರತು ಇಳಿಯುವುದಲ್ಲ ಎಂದರು ಡಾಕ್ಟರು. ಕಾರ್ಖಾನೆಯವರು ಮನೆಗೆ ಕಳಿಸಿದರು. ಅಂದಿನಿಂದ ಅವನು ಹಠ ಹಿಡಿದ. ಬೆಳಗಿನ ಗುಳಿಗೆ ನುಂಗಿದ ಮೇಲೆ ಕೈ ಸ್ವಲ್ಪ ಹೊತ್ತು ಹೇಳಿದ ಮಾತು ಕೇಳುತ್ತಿತ್ತು. ಅಷ್ಟರೊಳಗೆ ಒಂದು ಎಸಳು, ಇಲ್ಲವೇ ಬೆರಳುದ್ದ ತಂತಿ. ಕೆಲವು ದಿನ ಅದೂ ಇಲ್ಲ. ಹೋದ ವರ್ಷದ ಯುಗಾದಿಗೆ ಹಿಡಿದ ಕೆಲಸ ಈ ವರ್ಷ ಗಣಪತಿ ಹಬ್ಬ ದಾಟಿದ ಮೇಲೆ ಮುಗಿಯಿತು.

"ಇನ್ನ ಈ ಕೈ ಏನರ ಆಗ್ಲಿ," ಎಂದ, ಕಡೆಯ ಎಸಳು ಕೂಡಿಸಿದ ದಿನ. "ಮಾನೌಮಿ ಖಂಡೆಪೂಜಿಗೆ ಉಳಿ, ಸುತ್ತಿಗಿ ಹತಾರದ ಜೋಡಿ ಇದನ್ನೂ ದೇವರ ಜಗಲಿ ಮ್ಯಾಲ ಇಡೂನು."

ಅವನು ಅಷ್ಟು ಖುಷಿಯಿಂದ ಮಾತಾಡಿ ಎಷ್ಟು ವರ್ಷವಾಗಿತ್ತೋ ದುಂಡವ್ವನಿಗೆ ನೆನಪಿರಲಿಲ್ಲ.

ಉಳಿದದ್ದು ಮೇಲೆ ಅರಗಿನ ಪಾಲಿಶು ಬಳಿಯುವುದೊಂದೇ. ಅದನ್ನು ತರಲು ಅವನು ಹಬ್ಬಕ್ಕೆ ಮುಂಚೆ ಒಂದು ಬೆಳಿಗ್ಗೆ ವಿಜಯಪುರದ ಗಾಂಧಿ ಚೌಕಕ್ಕೆ ಹೋದ.

ದುಂಡವ್ವ ಅಂಗಳದಲ್ಲಿ ಪಾತ್ರೆ ಹರವಿಕೊಂಡು ಕೂತಿದ್ದಳು. ಪೆಟ್ಟಿಗೆ ಕಣ್ಣಿಗೆ ಬಿತ್ತು. ಹೊಸ ತಂತಿ ಮಿರಿಮಿರಿ, ಮುತ್ತಜ್ಜನ ಕಾಲದ ತಂತಿ ಕರ್ರಗೆ. ದೇವರ ಮುಂದೆ ಇಡುವ ಸಾಮಾನು ಹೀಗಿದ್ದರೆ ಹೇಗೆ? ಅವನು ಬರುವಷ್ಟರಲ್ಲಿ ಎಲ್ಲ ಒಂದೇ ಹೊಳಪು ಮಾಡಿಟ್ಟರೆ ಎಷ್ಟು ಸಂತೋಷಪಟ್ಟಾನು ಅನಿಸಿತು. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದಳು. ಮೂಲೆಮೂಲೆಯ ಕೊಳೆ ಬಿಡಲೆಂದು ಬಿಸಿನೀರಿನಲ್ಲಿ ಅದ್ದಿ ತೆಗೆದಳು. ಆಮೇಲೆ ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟು ಬಂದಳು. ಎಲ್ಲವನ್ನೂ ಹಾಡು ಗುನುಗುತ್ತಲೇ ಮಾಡಿದಳು, ಪುಣ್ಯಾತ್ಗಿತ್ತಿ.

ಇಳಿಹೊತ್ತಿನಲ್ಲಿ ತರಲು ಹೋದಾಗ ತಂತಿಗಳು ಎದ್ದು ನಿಂತಿದ್ದವು. ಮುಚ್ಚಳ ಉದ್ದಕ್ಕೂ ಸೀಳಿತ್ತು. ಕೈ ಹಚ್ಚಿದರೆ ಸಾಕು, ಎಸಳು ಉದುರುತ್ತಿದ್ದವು. ಕಾದ ಮಾಳಿಗೆಯ ಮೇಲೆ ದುಂಡವ್ವ ಒಂದೊಂದೇ ಎಸಳು ಹೆಕ್ಕುತ್ತ ಕೂತಳು. ಕಾರಣ ತಿಳಿಯದವಳಲ್ಲ ಆಕೆ. ಇಷ್ಟು ದಿನ ಸರೇಸನ್ನು ಒಲೆಯ ಮೇಲೆ ಬಿಸಿನೀರಿನಲ್ಲಿ ಕರಗಿಸಿ ಅವನ ಮುಂದೆ ತಂದಿಟ್ಟವಳೇ ತಾನು. ತಿಕ್ಕುವಾಗ ಮಾತ್ರ ಅದು ನೆನಪಿಗೆ ಬರಲಿಲ್ಲ. ಹಬ್ಬದ ಹುಕಿ ಅಂಥದು, ಹಾಳಾಗಿ ಹೋಗಲಿ ಅದು.

ಸಂಗಣ್ಣ ಬಂದ. ಪೆಟ್ಟಿಗೆ ನೋಡಿದ. ಆಕೆಯ ಸೆರಗಿನಲ್ಲಿದ್ದ ಚೂರು ನೋಡಿದ.

"ಹಬ್ಬಕ್ಕಂತ ತೊಳದೇನ್ರಿ," ಎಂದಳು.

"ಹೂಂ," ಎಂದ. ಕೈಕಾಲು ತೊಳೆದು ಒಳಗೆ ಹೋಗಿ ಕೂತ.

ಬೈಯಲಿಲ್ಲ. ಊಟಕ್ಕೆ ಕರೆದರೆ ಬಂದು ರೊಟ್ಟಿ ಮುರಿದ. ಮಾರನೆಯ ದಿನವೂ ಬೈಯಲಿಲ್ಲ. ಸಾರಿಗೆ ಚೂರು ಉಪ್ಪು ಹೆಚ್ಚಾದರೆ ಓಣಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದ ಮನುಷ್ಯ ಅವನು. ಆಕೆ ಬೇಕಂತಲೇ ಪಲ್ಯಕ್ಕೆ ಉಪ್ಪು ಸುರಿದಳು. ಅದನ್ನೂ ಸುಮ್ಮನೆ ಉಂಡೆದ್ದ.

ಬೆಳಿಗ್ಗೆ ಗುಳಿಗೆ ನುಂಗಿ, ತಂತಿಯ ಚೂರು ಹಿಡಿದು ಅವನು ಪೆಟ್ಟಿಗೆಯ ಮುಂದೆ ಕೂತದ್ದನ್ನು ಬಾಗಿಲ ಮರೆಯಿಂದ ನೋಡಿದಳು. ಕೈ ಗೆರೆಯ ಹತ್ತಿರ ಹೋಗುತ್ತಿತ್ತು, ಜಾರುತ್ತಿತ್ತು. ಇನ್ನೊಂದು ದಿನವೂ ಅಷ್ಟೇ ಆಯಿತು. ಆಮೇಲೆ ಅವನು ಕೂಡಲಿಲ್ಲ. ಖಂಡೆಪೂಜೆಯ ದಿನ ಉಳಿ, ಸುತ್ತಿಗೆ ಒರೆಸಿ ಜಗಲಿಗೆ ಏರಿಸಿದ. ಪೆಟ್ಟಿಗೆಯ ಮಾತೆತ್ತಲಿಲ್ಲ.

ಮರುದಿನ ಸಂಜೆ ಊರಿಗೆ ಊರೇ ಬನ್ನಿ ಕೊಟ್ಟು ವರ್ಷದ ಮುನಿಸು ಮರೆಯುವ ಹೊತ್ತು. ದುಂಡವ್ವ ಗಂಡನ ಕೈಗೆ ಬನ್ನಿ ಕೊಟ್ಟು ಕಾಲಿಗೆ ಬಿದ್ದಳು. ಬಿದ್ದವಳು ಏಳಲಿಲ್ಲ.

"ಒಮ್ಮೆ ಬೈದ್ ಬಿಡ್ರಿ ನನಗ," ಎಂದಳು. "ಹಿಂಗ ಸುಮ್ಮ ಇರಬ್ಯಾಡ್ರಿ. ತಡಕೊಳ್ಳಾಕ ಆಗವಲ್ದು."

ಸಂಗಣ್ಣ ಬಗ್ಗಿ ಆಕೆಯ ತಲೆಯ ಮೇಲೆ ಕೈ ಇಟ್ಟ. ಕೈ ನಡುಗುತ್ತಿತ್ತು.

"ಮತ್ತ ಮಾಡೂವಂಗ ಇದ್ದಿದ್ರ ಬೈತಿದ್ನಿ, ದುಂಡವ್ವ," ಎಂದ. "ಏಳ. ಬನ್ನಿ ಕೊಡಾಕ ಮಂದಿ ಬರ್ತಾರ."