ಕೊಂಬಿಲ್ಲದ ಹುಳು

ಮರಗಳ ಮೇಲಿನ ಹುಳು ಹುಡುಕಿ ಫೋಟೊ ತೆಗೆಯುವುದು ನನ್ನ, ಮಂಜುಳಾಳ ಕೆಲಸ. ಮದಲೂರು ಕೆರೆಯ ಹತ್ತಿರ ಅವಳಿಗೆ ಜಾಲಿ ಮರದಲ್ಲಿ ಅಕ್ಕಿಕಾಳಿನಷ್ಟು ಹುಳು ಸಿಕ್ಕಿತು, ಅದಕ್ಕೆ ಎರಡು ಚೂಪು ಕೊಂಬು! ನನಗೆ ಮಾವಿನ ಮರದಲ್ಲಿ ಸಿಕ್ಕಿದ್ದು ಬರೀ ಬೋಳುತಲೆಯ ಜಿಗಿಹುಳು. ಎರಡೂ ಮರದ ರಸ ಹೀರುವ ಜಾತಿಯೇ, ಆದರೂ ನನ್ನ ಹೊಟ್ಟೆ ಉರಿಯಿತು.

ದನ ಮೇಯಿಸುತ್ತಿದ್ದ ತಾತ ಅವಳ ಭೂತಗನ್ನಡಿಯಲ್ಲಿ ಇಣುಕಿ, "ಅಬ್ಬಬ್ಬಾ, ಹಳ್ಳಿಕಾರ್ ಹೋರಿ ಕಣಮ್ಮ ಇದು!" ಅಂದ. ಮಂಜುಳಾ ಉಬ್ಬಿಹೋದಳು.

"ನಂದೂ ನೋಡು ತಾತ, ರೆಕ್ಕೆ ಎಷ್ಟು ಚೆಂದ ಇದೆ" ಎಂದು ನನ್ನ ಹುಳು ಮುಂದೆ ಹಿಡಿದೆ.

ತಾತ ಹುಳು ನೋಡಿದ, ಆಮೇಲೆ ನನ್ನ ಮುಖ ನೋಡಿ ಸಮಾಧಾನ ಹೇಳಿದ: "ಇರ್ಲಿ ಬುಡಿ ಸ್ವಾಮಿ, ಇದು ಯಾರ್ನೂ ಹಾಯಾಕಿಲ್ಲ."

ಆಗ ಹಾಯುವಂತಿದ್ದವನು ನಾನು. ಕೊಂಬಿರಲಿಲ್ಲ, ಅಷ್ಟೇ.